ರೂಮಿನ ಅಪ್ಪಾರು

ಮಾದನಹಿಪ್ಪರಗಾದಿಂದ ಆಳಂದ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಬಸ್ಸಿನಲ್ಲಿ ಕುಳಿತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುವ ಊರು. ಅಷ್ಟು ದೂರಕ್ಕೆ ಡಿಗ್ರಿ ಓದಲು ಹೋದ ನಾನು ಪರದೇಶಕ್ಕೆ ಹೊರಟವನ ಹಾಗೆ ಅತ್ತಿದ್ದೇನೆ. ಮುಂಜಾನೆಯ ಕ್ಲಾಸಿಗೆ ನಮ್ಮೂರ ಬಸ್ಸು ಹೊಂದುವುದಿಲ್ಲವೆಂದು ಮನೆಯವರು ರೂಮು ಹಿಡಿದುಕೊಟ್ಟಿದ್ದರು.

ರೂಮಿನಲ್ಲಿ ನನಗಿಂತ ಮೊದಲೇ ಇಬ್ಬರಿದ್ದರು. ಒಬ್ಬ ಅಫಜಲಪುರ ಕಡೆಯ ಕರಜಗಿಯವನು, ಎತ್ತರದ ಆಳು, ಪಿಸುಮಾತು ಆಡಿದರೂ ಪಕ್ಕದ ಮನೆಗೆ ಕೇಳುತ್ತಿತ್ತು. ಇನ್ನೊಬ್ಬ ಜೇವರ್ಗಿ ಕಡೆಯ ನೆಲೋಗಿಯವನು. ಅವನು ಮಾತಿಗಿಂತ ಮೊದಲು ನಗುತ್ತಿದ್ದ. ಇಬ್ಬರೂ ಒಳ್ಳೆಯವರು ಎಂದು ನೋಡಿದಾಕ್ಷಣವೇ ಗೊತ್ತಾಯಿತು. ಕೆಡಿಸಿದ್ದು ನಾನೇ.

ನಮ್ಮ ಮನೆಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಲ್ಲಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಯಾರೂ ತುತ್ತು ಎತ್ತುವುದಿಲ್ಲ. ಆದರೆ ನನ್ನ ಪೂಜೆ ಒಲೆಯ ಮೇಲಿನ ಚಹಾ ಕುದಿಯುವುದರೊಳಗೆ ಮುಗಿಯುವಂಥದ್ದು. "ಪೂಜಾ ಮಾಡಾಕತ್ತೀಯೋ, ಬಸ್ ಹಿಡ್ಯಾಕತ್ತೀಯೋ?" ಎಂದು ಅಜ್ಜಿ ಬೈಯುತ್ತಿದ್ದಳು. ಅಂಥವನು ರೂಮಿನ ಮೊದಲ ಮುಂಜಾನೆ ಲಿಂಗ ಹಿಡಿದು ಕಣ್ಣು ಮುಚ್ಚಿದ್ದೇ ತಡ, ಅವ್ವ ನೆನಪಾದಳು. ಕಣ್ಣೀರು ಬಂತು. ಮೂರು ಹಾಸಿಗೆ ಹಾಸಿದರೆ ಕಾಲಿಡಲು ಜಾಗವಿಲ್ಲದ ರೂಮಿನಲ್ಲಿ ಅಳಲು ಮರೆ ಎಲ್ಲಿಂದ ತರಲಿ? ಕಣ್ಣು ಮುಚ್ಚಿಕೊಂಡೇ ಕುಳಿತೆ. ನೀರು ಇಳಿಯುತ್ತಲೇ ಇತ್ತು. ಅದು ನಿಲ್ಲುವವರೆಗೆ ಪೂಜೆಯೂ ನಿಲ್ಲುವಂತಿರಲಿಲ್ಲ.

ಕೊನೆಗೆ ಕಣ್ಣು ತೆರೆದರೆ ಇಬ್ಬರೂ ಕೈಕಟ್ಟಿ ನಿಂತಿದ್ದರು.

"ಖರೇ ಭಕ್ತಿ ಅಂದ್ರ ಇದ ನೋಡಲೇ," ಎಂದ ಕರಜಗಿಯವನು. "ಯಾವದರ ಮಠಕ್ಕ ಸ್ವಾಮಿ ಆಗಾವ್ರು ಇರಬೇಕು."

"ಅಯ್ಯ, ನಾ ಅಂಥಾಂವ ಅಲ್ರೀ," ಎಂದೆ.

"ನೋಡು, ಎಷ್ಟು ವಿನಯ!" ಎಂದ ನೆಲೋಗಿಯವನು.

ಅಲ್ಲಿಂದ ನಾನು ಅವರಿಗೆ 'ಅಪ್ಪಾರು' ಆದೆ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಹಾಗೆ ಕರೆಯುತ್ತಾರೆ. ಫ್ಯಾನಿನ ಕೆಳಗಿನ ಜಾಗ ನನ್ನದಾಯಿತು. ನನ್ನ ಪೂಜೆ ಮುಗಿಯುವವರೆಗೆ ಇಬ್ಬರೂ ಹಸಿದುಕೊಂಡು ಕಾಯುತ್ತಿದ್ದರು. ಮೊದಲ ರೊಟ್ಟಿ ನನಗೆ, ಶೇಂಗಾ ಚಟ್ನಿಪುಡಿಯ ಮೇಲೆ ಹೆಚ್ಚಿನ ಮೊಸರು ನನಗೆ, ತಾಟು ತೊಳೆಯುವುದು ಅವರು. ಕರಜಗಿಯವನು ಕಬಡ್ಡಿ ತಂಡದ ಆಯ್ಕೆಗೆ ಹೊರಟಾಗ ನನ್ನ ಕಾಲಿಗೆ ಬಿದ್ದ. ಬೇಡವೆನ್ನಬೇಕಾದ ನನ್ನ ಕೈ, ಹಾಳಾದ್ದು, ತಾನೇ ಮೇಲೆದ್ದು ಆಶೀರ್ವಾದ ಮಾಡಿತು. ಅವನು ಆಯ್ಕೆಯೂ ಆಗಿಬಿಟ್ಟ. ಅಲ್ಲಿಗೆ ನನ್ನ ಗತಿ ಪಕ್ಕಾ ಆಯಿತು.

ಸುಖವೇನೋ ಇತ್ತು, ಆದರೆ ಮಾತಿಗೆ ಒಬ್ಬರೂ ಇರಲಿಲ್ಲ. ಅವರಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿರುತ್ತಿದ್ದರು, ನಾನು ಒಳಗೆ ಬಂದ ಕೂಡಲೇ ಬಾಯಿ ಮುಚ್ಚಿ ಎದ್ದು ನಿಲ್ಲುತ್ತಿದ್ದರು. ಸಂಜೆ ಒಂದೇ ಮೊಬೈಲಿನ ಮೇಲೆ ಇಬ್ಬರೂ ತಲೆ ಬಾಗಿಸಿ ಕ್ರಿಕೆಟ್ ನೋಡುತ್ತಿದ್ದರು. ನಾನು ನನ್ನ ಚಾಪೆಯ ಮೇಲೆ ಗಂಭೀರವಾಗಿ ಕುಳಿತು, ಸ್ಕೋರ್ ಎಷ್ಟಾಯಿತೆಂದು ಕೇಳಲಾಗದೆ ಒದ್ದಾಡುತ್ತಿದ್ದೆ. ಆ ಮೊಬೈಲಿನ ಮೇಲೆ ನನ್ನ ತಲೆಯೂ ಬಾಗಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಅದು ಆಗುವ ಲಕ್ಷಣ ಕಾಣದೆ ಅವ್ವನಿಗೆ ಫೋನ್ ಮಾಡಿ, "ಶನಿವಾರ ಸಾಮಾನು ತಗೊಂಡೇ ಬರ್ತೇನಿ, ಇಲ್ಲಿ ನನಗ ಲೇ ಅನ್ನಾವ್ರ ಒಬ್ಬರೂ ಇಲ್ಲ, ಕಾಲೇಜು ಸಾಕು," ಎಂದೆ. ಫೇಲಾಗಿ ಕಾಲೇಜು ಬಿಟ್ಟವರಿದ್ದಾರೆ. ಪೂಜ್ಯನಾಗಿ ಬಿಟ್ಟವನು ನಾನೊಬ್ಬನೇ ಇರಬೇಕು.

ಶನಿವಾರ ಬ್ಯಾಗು ತುಂಬಿಟ್ಟೇ ಪೂಜೆಗೆ ಕುಳಿತೆ. ಎದುರಿಗೆ ಯಾರೋ ಬಂದು ಕುಳಿತಂತಾಯಿತು. ನೋಡಿದರೆ ನೆಲೋಗಿಯವನು. ಸ್ನಾನ ಮಾಡಿ, ಹಣೆಗೆ ವಿಭೂತಿ ಸೊಟ್ಟಗೆ ಬಳಿದು, ತನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಿದ್ದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಅಪ್ಪಾರ, ನನಗೂ ನಿಮ್ಮಂಗ ಕುಂದ್ರೂದು ಹೇಳಿಕೊಡ್ರಿ," ಎಂದ. "ಬಂದಾಗಿಂದ ಮನಸ್ಸು ನಿಂದ್ರವಲ್ದು. ಅವ್ವ ನೆನಪಾದ್ರ ತುತ್ತು ಇಳಿಯಂಗಿಲ್ಲ. ನೀವು ನೋಡ್ರಿ, ಎಷ್ಟು ಸಮಾಧಾನ ಇದ್ದೀರಿ."

ಏನಾದರೂ ದೊಡ್ಡ ಮಾತು ಹೇಳೋಣವೆಂದು ಬಾಯಿ ತೆರೆದೆ. ಬಿಕ್ಕಿ ಬಿಕ್ಕಿ ಅಳು ಬಂತು.

"ಎಲ್ಲೀ ಸಮಾಧಾನಲೇ! ಬಂದಾಗಿಂದ ಅವ್ವನ್ನ ನೆನಸ್ಕೊಂಡ ಅಳಾಕತ್ತೇನಿ. ಅಳಾಕ ಬ್ಯಾರೆ ಜಾಗಾ ಇಲ್ಲಂತ ಪೂಜಾದಾಗ ಅಳಾಕತ್ತೇನಿ!"

ಅವನು ನನ್ನ ಮುಖವನ್ನೇ ನೋಡಿದ. ಮರುಕ್ಷಣ ಅವನೂ ಶುರು ಮಾಡಿದ. ಇಬ್ಬರೂ ಲಿಂಗ ಹಿಡಿದುಕೊಂಡು ಗೊಳೋ ಎಂದು ಅಳುತ್ತಿರುವಾಗ ಹಾಲು ತರಲು ಹೋಗಿದ್ದ ಕರಜಗಿಯವನು ಬಾಗಿಲಲ್ಲಿ ಬಂದು ನಿಂತ. ವಿಷಯ ತಿಳಿದ ಮೇಲೆ ಅವನ ದನಿಗೆ ಓಣಿಯೇ ತಿರುಗಿ ನೋಡಿರಬೇಕು.

"ಲೇ ಮಗನ! ಇಷ್ಟು ದಿನಾ ನಿನ್ನ ಸಲುವಾಗಿ ಉಪವಾಸ ಕುಂತೀವಲ್ಲಲೇ! ನಿನ್ನ ಕಾಲಿಗಿ ಬ್ಯಾರೆ ಬಿದ್ದೀನಿ!" ಎನ್ನುತ್ತ ರಟ್ಟೆ ಹಿಡಿದು ಎಬ್ಬಿಸಿದ. "ಏಳು ಮೊದಲ, ಭಾಂಡೆ ತಿಕ್ಕು. ಎಲ್ಲಾ ನೀನ ತಿಕ್ಕಬೇಕು!"

ಅಷ್ಟು ಸಂತೋಷದಿಂದ ಯಾರೂ ಪಾತ್ರೆ ತಿಕ್ಕಿರಲಿಕ್ಕಿಲ್ಲ. ನಳದ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದಾಗ ಅವ್ವನ ಫೋನ್ ಬಂತು. ನನ್ನ ಕೈಯೆಲ್ಲ ಸಾಬೂನಾಗಿದ್ದರಿಂದ ನೆಲೋಗಿಯವನೇ ಮೊಬೈಲನ್ನು ನನ್ನ ಕಿವಿಗೆ ಹಿಡಿದ.

"ಬಸ್ ಹತ್ತಿದೇನಪಾ?"

"ಇಲ್ಲವ್ವಾ, ಭಾಂಡೆ ತಿಕ್ಕಾಕತ್ತೇನಿ."

"ಏ ಲೇ, ತಳಾ ತಿಕ್ಕು, ತಳಾ!" ಎಂದು ಹಿಂದಿನಿಂದ ಕರಜಗಿಯವನು ಕೂಗಿದ.

ಮನೆಯಲ್ಲಿ ಒಂದು ಲೋಟವನ್ನೂ ತೊಳೆದವನಲ್ಲ ನಾನು. ಆದರೆ ಅವ್ವ ಕೇಳಿದ್ದು ಬೇರೆಯೇ.

"ಯಾರಪಾ ಅಂವಾ, ನಿನಗ ಲೇ ಅನ್ನಾವ?"

"ನಮ್ಮ ರೂಮಿನಾಂವವ್ವಾ."

"ಹಂಗಾದ್ರ ಅಲ್ಲೇ ಇರಪಾ," ಎಂದಳು ಅವ್ವ, ಮತ್ತು ಅಳತೊಡಗಿದಳು.