ನಾಲಿಗೆಗೆ ಬಾರದ ದೇಸೂರು

ಸಿದ್ದಕ್ಕ ಕಂಡಕ್ಟರ್ ಇದ್ದ ದಿನ ಬೆಳಗಾವಿ–ಖಾನಾಪುರ ಬಸ್ಸಿನ ಪ್ರಯಾಣಿಕರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದರು. ತಮ್ಮ ಊರು ಬಂದಾಗ ಅವಳ ದನಿಯೇ ಎಬ್ಬಿಸುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಖಾನಾಪುರದಾಚೆಯ ದಿಬ್ಬಗಳಲ್ಲಿ ಕುರಿ ಮೇಯಿಸಿದ ಅಪ್ಪನಿಂದ ಬಂದ ದನಿ ಅದು. ಈ ದಿಬ್ಬದಿಂದ ಕೂಗಿದರೆ ಆ ದಿಬ್ಬದ ಕುರಿ ತಿರುಗಿ ನೋಡಬೇಕು. ಆ ಮನೆತನದಲ್ಲಿ ತಿಂಗಳ ಸಂಬಳ ಕಂಡವರಲ್ಲಿ ಸಿದ್ದಕ್ಕನೇ ಮೊದಲು. ಪ್ರತಿ ನಿಲ್ದಾಣದಲ್ಲೂ ಊರಿನ ಹೆಸರು ಕೂಗಿ, ಇಳಿಯಿರಿ ಎಂಬುದನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಹೇಳುವುದು ಅವಳ ರೂಢಿ.

ಕೊರೊನಾದ ಎರಡನೆಯ ಅಲೆಯಲ್ಲಿ ಅವಳಿಗೂ ಸೋಂಕು ತಗುಲಿತು. ಆದರೆ ಜ್ವರ ಬಂದು ಹೋಯಿತಷ್ಟೇ. ಉಸಿರು ಕಟ್ಟಲಿಲ್ಲ, ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ವಡಗಾವಿಯ ಓಣಿಯ ಮನೆಯಲ್ಲಿ, ಅಟ್ಟದ ಮೇಲಿನ ಕೋಣೆಯೊಂದರಲ್ಲಿ ಮಲಗಿ ಎದ್ದಳು. ಮೂಗಿಗೆ ವಾಸನೆ ಹೋಗಿತ್ತು, ಅದೂ ಎಲ್ಲರಿಗೂ ಹೋಗಿದ್ದೇ. ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ ಗಂಡ ನಾಗಲಿಂಗ, "ಸಣ್ಣದರಾಗ ಪಾರಾದಿ ಬಿಡು" ಅಂದ. ಅವಳಿಗೂ ಹಾಗೆಯೇ ಅನಿಸಿತು. ಬಸ್ಸುಗಳು ಮತ್ತೆ ಓಡತೊಡಗಿದಾಗ ಚೀಲ ಹೆಗಲಿಗೇರಿಸಿ ಹೊರಟಳು.

ಮೊದಲ ಎಡವಟ್ಟು ಆದದ್ದು ದೇಸೂರಿನಲ್ಲಿ. ಪೀರನವಾಡಿ ಕೂಗಿದಳು, ಮಚ್ಛೆ ಕೂಗಿದಳು. ಮುಂದಿನ ನಿಲ್ದಾಣ ಬಂತು. ಅಲ್ಲಿಯ ಚಹಾದಂಗಡಿ ಕಂಡಿತು, ಅಲ್ಲಿ ಇಳಿಯುವವರ ಮುಖಗಳೂ ಗೊತ್ತಿದ್ದವು. ಬಾಯಿ ತೆರೆದಳು. ಹೆಸರು ಬರಲಿಲ್ಲ.

"ಏ... ಬಂತ್ರೀ... ಇದು... ಇಳಿಯೋರು ಇಳೀರಿ!"

"ಯಾವೂರು ಬಂತಬೇ? ಹೆಸರು ಬೆಳಗಾವ್ಯಾಗ ಬಿಟ್ಟು ಬಂದಿಯೇನು?" ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರು.

ಬಸ್ಸು ಊರು ದಾಟಿ ಹೊಲಗಳ ನಡುವೆ ಓಡುವಾಗ ಹೆಸರು ತಾನಾಗಿ ನೆನಪಿಗೆ ಬಂತು. "ದೇಸೂರ!" ಎಂದು ಕೂಗಿಯೇ ಬಿಟ್ಟಳು. ಇಡೀ ಬಸ್ಸು ನಕ್ಕಿತು. ಸಿದ್ದಕ್ಕನೂ ನಕ್ಕಳು. ಆದರೆ ಮುಂದಿನ ಊರಿನ ಹೆಸರನ್ನು ಅದು ಬರುವ ಮೊದಲೇ ಬಾಯೊಳಗೆ ಹೇಳಿಕೊಳ್ಳತೊಡಗಿದಳು.

ಆಮೇಲೆ ಮನೆಯಲ್ಲೂ ಶುರುವಾಯಿತು. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕುಳಿತು ಕಾಲೇಜಿಗೆ ಹೋಗುವ ಮಗಳು ಲಕ್ಷ್ಮಿಯನ್ನು ಕರೆದಳು. "ಆ ಕಂಗವಾ ಕೊಡವಾ."

"ಅವ್ವಾ, ಇದೇನ ಮನ್ಯಾಗ ಮರಾಠಿ? ಹಣಿಗಿ ಅನ್ನಾಕ ಏನಾತು?"

"ಹಣಿಗಿ! ಹೌದ ನೋಡು. ಎಲ್ಲಿ ಹೋಗಿತ್ತದು?"

ಅಂದಿನಿಂದ ಸಿದ್ದಕ್ಕನಿಗೆ ಹೆದರಿಕೆಯ ಜೊತೆಗೇ ಒಂದು ಕುತೂಹಲ ಹತ್ತಿಕೊಂಡಿತು. ಕನ್ನಡ ಅವಳು ಹುಟ್ಟಿದಾಗಿನಿಂದ ಕೇಳಿದ್ದು. ಮರಾಠಿ ಟಿಕೆಟ್ ಹರಿಯುತ್ತ ಕಲಿತದ್ದು. ಆಮೇಲೆ ಬಂದದ್ದು ಗಟ್ಟಿಯಾಗಿ ಕೂತು, ಮೊದಲಿನಿಂದ ಇದ್ದದ್ದು ಎದ್ದುಹೋಗುವುದು ಎಂದರೇನು? ಅಡುಗೆ ಮಾಡುತ್ತ ಸುತ್ತಲಿನ ಸಾಮಾನುಗಳ ಹೆಸರು ಹೇಳಿಕೊಳ್ಳತೊಡಗಿದಳು. ಹೆಚ್ಚಾಗಿ ತಪ್ಪಿಸಿಕೊಳ್ಳುತ್ತಿದ್ದದ್ದು ವಸ್ತುಗಳ ಮತ್ತು ಊರುಗಳ ಹೆಸರು. ಮುಖ ಒಂದೂ ಮರೆತಿರಲಿಲ್ಲ. ಅಪ್ಪ ಹಾಡುತ್ತಿದ್ದ ಹಾಡುಗಳು ಸರಾಗ ಬರುತ್ತಿದ್ದವು. ಬೈಗುಳವಂತೂ ಒಂದೂ ಕಳೆದಿರಲಿಲ್ಲ. ಇದನ್ನು ಲಕ್ಷ್ಮಿಗೆ ಹೇಳಿದಾಗ ಅವಳು, "ಅದಾದ್ರೂ ಹೋಗಬೇಕಿತ್ತವ್ವಾ" ಎಂದು ನಕ್ಕಳು.

ಈ ನಡುವೆ ವಾಸನೆ ಮರಳಿ ಬಂತು, ಆದರೆ ತಪ್ಪಾಗಿ. ಉಳ್ಳಾಗಡ್ಡಿ ಹುರಿದರೆ ರಬ್ಬರ್ ಸುಟ್ಟ ನಾತ. ಬಳ್ಳೊಳ್ಳಿಯದೂ ಅದೇ. ಬರಬರುತ್ತ ಒಲೆಯೇ ಇಲ್ಲದ ಕಡೆಯೂ ಆ ನಾತ ಬರತೊಡಗಿತು. ಒಂದು ದಿನ ಬಸ್ಸು ಉದ್ಯಮಬಾಗ ದಾಟುತ್ತಿದ್ದಂತೆ ಮೂಗಿಗೆ ಗಪ್ಪನೆ ಬಡಿಯಿತು.

"ಗುರುಪುತ್ರಪ್ಪಣ್ಣಾ, ಗಾಡಿ ನಿಲ್ಲಸ್ರಿ! ಏನೋ ಸುಡಾಕತ್ತೈತಿ!"

ಚಾಲಕ ಗುರುಪುತ್ರಪ್ಪ ಬಸ್ಸನ್ನು ಬದಿಗೆ ಒತ್ತಿದರು. ಪ್ರಯಾಣಿಕರು ಗಡಿಬಿಡಿಯಲ್ಲಿ ಕೆಳಗಿಳಿದರು. ಗುರುಪುತ್ರಪ್ಪ ಎಂಜಿನ್ ನೋಡಿದರು, ಟೈರು ಮುಟ್ಟಿದರು, ಗಾಡಿಯ ಕೆಳಗೆ ತೂರಿ ಹೊರಬಂದರು. ಏನೂ ಇರಲಿಲ್ಲ.

"ಮತ್ತ ಯಾರಿಗರ ವಾಸನಿ ಬಂತೇನ್ರಿ?" ಎಂದು ಕೇಳಿದರು.

ಯಾರಿಗೂ ಬಂದಿರಲಿಲ್ಲ. ಗುರುಪುತ್ರಪ್ಪ ಕೈ ಒರೆಸಿಕೊಳ್ಳುತ್ತ ಅವಳ ಹತ್ತಿರ ಬಂದರು. "ಸಿದ್ದಕ್ಕಾ, ಖರೇ ಹೇಳು. ಏನಾಗೈತಿ ನಿನಗ?"

ಸಿದ್ದಕ್ಕ ಹೇಳಿದಳು. ಮೆಲ್ಲಗೆ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಹಾಗಾಗಿ ರಸ್ತೆಬದಿಯಲ್ಲಿ ನಿಂತಿದ್ದ ಎಲ್ಲರಿಗೂ ಕೇಳಿಸಿತು. ಊರಿನ ಹೆಸರು ಹೋದದ್ದು, ಹಣಿಗೆ ಹೋದದ್ದು, ಉಳ್ಳಾಗಡ್ಡಿಯ ನಾತ, ಎಲ್ಲ. ಇನ್ನು ಈ ಸುದ್ದಿ ಡಿಪೋಗೆ ಮುಟ್ಟುತ್ತದೆ, ತನ್ನ ಕೆಲಸ ಮುಗಿಯಿತು ಎಂದುಕೊಂಡಳು.

ಆಗ ಕಾಂತಾ ಟೀಚರ್ ಮುಂದೆ ಬಂದರು. ಖಾನಾಪುರದ ಮರಾಠಿ ಶಾಲೆಯವರು, ದಿನಾ ಬೆಳಗಾವಿಯ ಹಿಂದವಾಡಿಯಿಂದ ಇದೇ ಬಸ್ಸಿನಲ್ಲಿ ಹೋಗುವವರು. "ನನಗೂ ಹಂಗs ಆಗೇದ ಸಿದ್ದಕ್ಕಾ. ಹುಡುಗನ ಮಾರಿ ಮುಂದs ಇರತದ, ಹೆಸರು ಬರೂದಿಲ್ಲ. ಮನ್ಯಾಗೂ ಹೇಳಿಲ್ಲ ನಾ."

"ನನಗ ಎದ್ದ ನಿಂತ್ರ ನೆಲ ವಾಲತೈತ್ರಿ" ಎಂದ ಒಬ್ಬ ಹಾಲಿನವ. "ಜ್ವರ ಹ್ವಾದ ಮ್ಯಾಲೂ ಅಷ್ಟ."

ಇನ್ನೊಬ್ಬಳಿಗೆ ಬೆರಳ ತುದಿಯಲ್ಲಿ ಇರುವೆ ಹರಿದಾಡಿದಂತೆ. ಕೊನೆಗೆ ಗುರುಪುತ್ರಪ್ಪನೂ ತಲೆ ಕೆರೆದುಕೊಂಡರು. "ನನಗ ಬರೇ ನೆಗಡಿ ಆಗಿತ್ತು. ಚಹಾ ಮಾತ್ರ ಇನ್ನೂ ಮಣ್ಣ ಕುಡದಂಗ ಆಕ್ಕೈತಿ. ನಾ ಹೇಣ್ತಿ ಮ್ಯಾಲ ಸಿಟ್ಟ ಮಾಡಕೋತ ಕುಂತಿದ್ದೆ."

ಅವರಲ್ಲಿ ಒಬ್ಬರೂ ಆಸ್ಪತ್ರೆಯಲ್ಲಿ ಮಲಗಿದವರಲ್ಲ. ಎಲ್ಲರೂ ಸಣ್ಣದರಲ್ಲಿ ಪಾರಾದವರೇ. ಬಸ್ಸು ಅಂದು ತಡವಾಗಿ ಖಾನಾಪುರ ಮುಟ್ಟಿತು. ದಾರಿಯುದ್ದಕ್ಕೂ ಒಬ್ಬರ ಮೂಗು ನಾಲಿಗೆಗಳ ಕಥೆಯನ್ನು ಇನ್ನೊಬ್ಬರು ಬಗ್ಗಿ ಕೇಳುತ್ತಿದ್ದರು.

ಆ ವಾರವೇ ಕಾಂತಾ ಟೀಚರ್ ಸಿದ್ದಕ್ಕನನ್ನು ಟಿಳಕವಾಡಿಯ ನರರೋಗ ವೈದ್ಯೆ ಡಾಕ್ಟರ್ ದಾನೇಶ್ವರಿಯವರ ಬಳಿ ಕರೆದೊಯ್ದರು. ನಾಗಲಿಂಗನೂ ಜೊತೆಗೆ ಹೋದ. ಡಾಕ್ಟರು ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಹೆಸರು ಕೇಳಿದರು. ಆನೆ, ಕತ್ತರಿ, ಬಾಳೆಹಣ್ಣು ಸಲೀಸಾಗಿ ಬಂದವು. ಏಣಿಯ ಚಿತ್ರಕ್ಕೆ ಸಿದ್ದಕ್ಕ ತಡವರಿಸಿದಳು. "ಮಾಳಿಗಿ ಹತ್ತಾಕ ಹಚ್ಚತೀವಲ್ರೀ ಅದು... ಶಿಡಿ!" ಮತ್ತೆ ಮರಾಠಿಯೇ. ಡಾಕ್ಟರು ಕಣ್ಣರಳಿಸಿ, "ಕನ್ನಡದಾಗ?" ಎಂದರು. ಎಷ್ಟು ತಿಣುಕಿದರೂ ಬರಲಿಲ್ಲ.

ರಕ್ತ ಪರೀಕ್ಷೆಯಾಯಿತು, ತಲೆಯ ಸ್ಕ್ಯಾನೂ ಆಯಿತು. ಯಾವುದರಲ್ಲೂ ದೋಷ ಕಾಣಲಿಲ್ಲ. ನಾಗಲಿಂಗ ಉಸಿರು ಬಿಟ್ಟ. "ಏನೂ ಇಲ್ಲಂದ್ರ ಇದು ಬರೇ ಮನಸಿಂದೇನ್ರಿ?"

"ಸ್ಕ್ಯಾನ್ ಅಂದ್ರ ಮನಿ ಫೋಟೋ ಇದ್ದಂಗರಿ" ಎಂದರು ಡಾಕ್ಟರು. "ಗ್ವಾಡಿ ಬಿದ್ದಿದ್ರ ಕಾಣತದ. ಒಳಗಿನ ಮಂದಿ ಏನ ಮಾತಾಡಾಕತ್ತಾರ ಅನ್ನೂದು ಕಾಣೂದಿಲ್ಲ. ಇವರಿಗೆ ಆಗಿರೂದು ಖರೇ. ಜಡ್ಡು ಸಣ್ಣದಾದ್ರೂ ಹಿಂಗ ಆದ ಭಾಳ ಮಂದಿನ್ನ ನೋಡೇನಿ."

ಸಿದ್ದಕ್ಕನಿಗೆ ಕೇಳದೆ ಇರಲಾಗಲಿಲ್ಲ. "ಅಲ್ರೀ ಡಾಕ್ಟರ, ಮಾತು ಎಲ್ಲಿ ಹೋಗತಾವ್ರಿ? ಮರಾಠಿ ಯಾಕ ಉಳೀತು?"

ಡಾಕ್ಟರು ಏಣಿಯ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡರು. "ಮಾತು ಎಲ್ಲೂ ಹೋಗಿಲ್ಲ, ನೀವು ಮುಟ್ಟೂ ದಾರಿ ತಡಾ ಆಗೇದ ಅಂತ ಹೇಳಬಹುದು. ಮರಾಠಿದು ಮಾತ್ರ ನನಗ ಗೊತ್ತಿಲ್ಲ. ಖರೇ ಅಂದ್ರ, ನನಗೂ ತಿಳಕೋಬೇಕಾಗೇದ."

ಗೊತ್ತಿಲ್ಲ ಎಂದ ಆ ಮಾತೇ ಸಿದ್ದಕ್ಕನಿಗೆ ಧೈರ್ಯ ಕೊಟ್ಟಿತು. ತನಗೆ ಮಾತ್ರವಲ್ಲ, ಓದಿದವರಿಗೂ ಇದು ಹೊಸದೇ ಎಂದಾಯಿತು. ಡಾಕ್ಟರು ವಿಶ್ರಾಂತಿ ಹೇಳಿದರು, ಪೂರ್ತಿ ನಿದ್ದೆ ಹೇಳಿದರು. ಲವಂಗ, ನಿಂಬೆ ಸಿಪ್ಪೆ, ಏಲಕ್ಕಿ, ಗುಲಾಬಿಗಳನ್ನು ಬೆಳಿಗ್ಗೆ ಸಂಜೆ ಮೂಸಿ ಅವುಗಳ ಮೊದಲಿನ ವಾಸನೆ ನೆನೆಸಿಕೊಳ್ಳಲು ಹೇಳಿದರು. ಗುಣವಾಗುತ್ತದೆಂದು ಆಣೆ ಮಾಡಿ ಹೇಳಲಾರೆ, ಹೆಚ್ಚಿನವರಿಗೆ ಆಗುತ್ತದೆ ಎಂದರು.

ಡಿಪೋದವರು ಅವಳನ್ನು ಕೆಲವು ತಿಂಗಳು ಬಸ್ಸಿನ ವೇಳೆ ಹೇಳುವ ವಿಚಾರಣೆ ಕೋಣೆಯಲ್ಲಿ ಕೂರಿಸಿದರು. ಕೆಲಸ ಹೋಗಲಿಲ್ಲ, ಆದರೆ ಓಡುವ ಬಸ್ಸಿನಲ್ಲಿ ನಿಂತೇ ಬದುಕಿದವಳಿಗೆ ಆ ಕುರ್ಚಿ ಸಾಕಾಗಿಹೋಯಿತು. ಮನೆಯಲ್ಲಿ ನಾಗಲಿಂಗ ಏಲಕ್ಕಿ ಹಿಡಿದು, ಕಣ್ಣು ಮುಚ್ಚಿದ ಹೆಂಡತಿಯ ಮೂಗಿನ ಮುಂದೆ ಆಡಿಸುತ್ತಿದ್ದ. "ಈಗರ?" ಎನ್ನುತ್ತಿದ್ದ. ತಿಂಗಳುಗಟ್ಟಲೆ ಅವಳ ಉತ್ತರ ಇಲ್ಲವೆಂದು ತಲೆಯಾಡಿಸುವುದಷ್ಟೇ. ಒಂದು ಸಂಜೆ, "ಏ, ಪಾಯಸಾ!" ಎಂದು ಕೂಗಿದಳು. ಆ ಕೂಗಿಗೆ ಪಕ್ಕದ ಮನೆಯವರು ಹೊರಬಂದು ನೋಡಿದರು.

ಮಾತುಗಳು ಬಂದದ್ದು ಹೀಗೆ ಒಮ್ಮೆಲೇ ಅಲ್ಲ. ತಪ್ಪುವುದು ಕಡಿಮೆಯಾಗುತ್ತ ಬಂತು, ಅಷ್ಟೇ. ಸುಟ್ಟ ನಾತ ಯಾವಾಗ ನಿಂತಿತೆಂದು ಅವಳಿಗೇ ತಿಳಿಯಲಿಲ್ಲ. ಮುಂದಿನ ವರ್ಷ ಅವಳು ಮತ್ತೆ ಖಾನಾಪುರದ ಬಸ್ಸು ಹತ್ತಿದಳು. ಈಗಲೂ ದಣಿದ ದಿನ ಒಂದೊಂದು ಊರು ಕೈಕೊಡುತ್ತದೆ. ಅಂಥ ಹೊತ್ತಿನಲ್ಲಿ ಅವಳು ಬೆವರುವುದಿಲ್ಲ. ಮುಂದಿನ ಸೀಟಿನವರನ್ನೇ ಕೇಳುತ್ತಾಳೆ, ಅವರು ಹೇಳಿದ್ದನ್ನು ತನ್ನ ದನಿಯಲ್ಲಿ ಕೂಗುತ್ತಾಳೆ.

ಕೊತ್ತಂಬರಿಯೊಂದು ಮಾತ್ರ ದಾರಿಗೆ ಬಂದಿಲ್ಲ. ಉಳಿದ ವಾಸನೆಗಳೆಲ್ಲ ಸರಿಹೋದ ಮೇಲೂ ಅದೊಂದು ಸಾಬೂನಿನಂತೆ ನಾರುತ್ತದೆ. ಅದೇ ಏಕೆ, ಪುದಿನ ಏಕಲ್ಲ ಎಂದು ಸಿದ್ದಕ್ಕ ಡಾಕ್ಟರನ್ನೂ ಕೇಳಿದ್ದಾಳೆ. ಖಾನಾಪುರ ಬಸ್‌ನಿಲ್ದಾಣದ ಹೊರಗೆ ಕಾಯಿಪಲ್ಲೆ ಮಾರುವ ಪದ್ಮವ್ವ ಅವಳು ಬಂದಾಗಲೆಲ್ಲ ಒಂದು ಎಸಳು ಮುರಿದು ಕೊಡುತ್ತಾಳೆ. ಹೋದ ವಾರವೂ ಕೊಟ್ಟಳು.

"ಇವತ್ತರ ಬಂತೇನ ಸಿದ್ದಕ್ಕಾ?"

ಸಿದ್ದಕ್ಕ ಬೆರಳಲ್ಲಿ ಎಸಳು ಹಿಚುಕಿ ಮೂಸಿದಳು, ಮತ್ತೊಮ್ಮೆ ಮೂಸಿದಳು. "ಇನ್ನೂ ಇಲ್ಲಬೇ. ಆದ್ರ ಇವತ್ತ ಸಾಬೂನ ಬ್ಯಾರೆ ಐತಿ. ತಡಿ, ಇನ್ನೊಂದ ಎಸಳ ಕೊಡು."