ಮೂರನೇ ಮಹಡಿ, ಎಡಗಡೆ ಮನೆ

ನಮ್ಮ ಯಜಮಾನರಿಗೆ ಜಿರಲೆ ಕಂಡರೆ ಭಯ. ಬಚ್ಚಲಿನಲ್ಲಿ ಒಂದು ಜಿರಲೆ ಮೀಸೆ ಅಲ್ಲಾಡಿಸಿದರೆ ಸಾಕು, ಟವೆಲ್ ಸುತ್ತಿಕೊಂಡು ಹೊರಗೋಡಿ ಬಂದು ನನ್ನನ್ನು ಒಳಗೆ ಕಳಿಸುತ್ತಾರೆ. ಅಂಥವರು ಮೊಬೈಲಿನಲ್ಲಿ ಮೇಜರ್. ಯುದ್ಧದ ಕಾದಂಬರಿ ಓದುವವರದೇ ಒಂದು ಗುಂಪು, ಇಪ್ಪತ್ತಮೂರು ಜನ. ಒಬ್ಬರೂ ಬಂದೂಕು ಮುಟ್ಟಿದವರಲ್ಲ. ಗುಂಪಿನ ಜನರಲ್ ಒಬ್ಬ ಹಲ್ಲಿನ ಡಾಕ್ಟರ್. ಕಾದಂಬರಿಯಲ್ಲಿ ತಪ್ಪು ಹಿಡಿದವರಿಗೆ ಇಲ್ಲಿ ಬಡ್ತಿ. ಒಂದು ಪುಸ್ತಕದಲ್ಲಿ ನಾಯಕ ಮಳೆಯಲ್ಲಿ ನೆನೆಯುತ್ತ ಟ್ರಾನ್ಸ್‌ಫಾರ್ಮರ್ ಹತ್ತಿ, ಬರಿಗೈಯಲ್ಲಿ ತಂತಿ ಕಿತ್ತು, ಶತ್ರುಗಳ ಶಿಬಿರವನ್ನೆಲ್ಲ ಕತ್ತಲು ಮಾಡುತ್ತಾನೆ. ಇವರು, "ಆ ಪುಣ್ಯಾತ್ಮ ಅಲ್ಲೇ ಸುಟ್ಟು ಕರಕಲಾಗಬೇಕಿತ್ತು, ಉಳಿದ ನಾನೂರು ಪುಟ ದಂಡ" ಎಂದು ಕಾರಣ ಸಮೇತ ಬರೆದರು. ಕ್ಯಾಪ್ಟನ್ ಆಗಿದ್ದವರು ಅವತ್ತೇ ಮೇಜರ್ ಆದರು.

ಈ ಕಥೆಯಲ್ಲಿ ನಗುವ ಭಾಗ ಇಷ್ಟೇ.

ಇವರದು ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಕೆಲಸ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಇನ್ನೂರು ಮನೆಯಂತೆ ನಡೆದಿದ್ದಾರೆ. ಈ ಊರಿನ ಯಾವ ಬೀದಿಯಲ್ಲಿ ದುಂಡು ಕಂಬ, ಯಾವ ಬೀದಿಯಲ್ಲಿ ಚೌಕದ ಕಂಬ, ಎಲ್ಲಿ ನಂಬರನ್ನು ಬಿಳಿಯಲ್ಲಿ ಬರೆಯುತ್ತಾರೆ, ಎಲ್ಲಿ ಹಳದಿಯಲ್ಲಿ, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಕಚ್ಚುತ್ತದೆ, ಎಲ್ಲ ಬಾಯಿಪಾಠ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಮಾತ್ರ ಇವತ್ತಿಗೂ ತಿಳಿಯದು.

ವರ್ಷದ ಕೊನೆಗೆ ಹತ್ತು ದಿನ ರಜೆ. ಆಗ ಗುಂಪಿನಲ್ಲಿ ಒಂದು ಆಟ ನಡೆಯುತ್ತದೆ, ಅದರ ಹೆಸರು ಬೇಟೆ. ಒಬ್ಬರು ತಾವಿರುವ ಮನೆಯ ಕಿಟಕಿಯಿಂದ ಒಂದು ಫೋಟೋ ತೆಗೆದು ಹಾಕಬೇಕು. ಉಳಿದವರು ಅದನ್ನೇ ನೋಡಿ ಮನೆ ಎಲ್ಲಿದೆ ಎಂದು ಪತ್ತೆ ಮಾಡಬೇಕು. ಕಾದಂಬರಿಗಳಲ್ಲಿ ಗೂಢಚಾರರು ಹಾಗೆ ಮಾಡುತ್ತಾರಂತೆ. ಇರುವ ನಿಯಮ ಒಂದೇ: ಫೋಟೋ ಹಾಕಿದವರೇ ಅದನ್ನು ತೆಗೆದಿರಬೇಕು. ಅದನ್ನು ಪರೀಕ್ಷಿಸುವ ದಾರಿ ಯಾರಿಗೂ ಇರಲಿಲ್ಲ, ಬೇಕೆಂದು ಯಾರಿಗೂ ಹೊಳೆದೂ ಇರಲಿಲ್ಲ.

ಆ ವರ್ಷ ಗುಂಪಿಗೆ ಒಬ್ಬ ಹೊಸಬ ಸೇರಿದ್ದ. ಹೆಸರು ಹೇಳಿರಲಿಲ್ಲ, ಎಲ್ಲರೂ ಹೊಸಬ ಎಂದೇ ಕರೆಯುತ್ತಿದ್ದರು. ಓದಿಕೊಂಡವನು, ಮಾತು ಬೆಣ್ಣೆ. ಮೂರು ದಿನ ಇವರ ಜೊತೆ ಜಲಾಂತರ್ಗಾಮಿ, ಕ್ಷಿಪಣಿ ಎಂದು ಹರಟಿದ. "ನಿಮ್ಮಂಥವರು ಸೈನ್ಯದಲ್ಲಿರಬೇಕಿತ್ತು ಮೇಜರ್ ಸಾಹೇಬ್ರೇ" ಎಂದ. ಅದನ್ನು ಇವರು ನನಗೆ ಎರಡು ಸಲ ಓದಿ ಹೇಳಿದರು. ಹೊಗಳಿ ಅಟ್ಟಕ್ಕೇರಿಸುವವರು ಏಣಿ ತೆಗೆಯುವುದನ್ನೂ ಬಲ್ಲರು ಎಂದು ನಾನು ಹೇಳಿದೆ. ಕೇಳಬೇಕಲ್ಲ!

ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ಹೊಸಬ ಒಂದು ಫೋಟೋ ಹಾಕಿದ. "ರಜೆಗೆ ಅತ್ತೆ ಮನೆಗೆ ಬಂದಿದೀನಿ. ಮೇಜರ್ ಸಾಹೇಬ್ರ ಊರೇ. ಹುಡುಕಿ ನೋಡೋಣ!" ಎಂದು ಬರೆದಿದ್ದ. ಇವರು ಹಲ್ಲುಜ್ಜುವುದನ್ನೂ ಮರೆತು ಕುಳಿತರು. ಫೋಟೋ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕನ್ನಡಕ ಹಣೆಗೇರಿಸಿ, ಇಳಿಸಿ, ಹಳೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರವಿ, ಹತ್ತು ಗಂಟೆಗೆ ಸರಿಯಾಗಿ ಉತ್ತರ ಬರೆದರು: ಟೈರ್ ಅಂಗಡಿಯ ಹಿಂದಿನ ಕಟ್ಟಡ, ಮೂರನೇ ಮಹಡಿ, ಎಡಗಡೆ ಮನೆ. ಐದು ನಿಮಿಷದಲ್ಲಿ ಹೊಸಬನ ಉತ್ತರ ಬಂತು. "ಧನ್ಯವಾದ. ಒಂದು ವರ್ಷದಲ್ಲಿ ಯಾರ ಕೈಲೂ ಆಗದ್ದನ್ನ ನಾಲ್ಕು ಗಂಟೇಲಿ ಮಾಡಿಬಿಟ್ರಿ." ಅಷ್ಟು ಬರೆದು ಅವನು ಗುಂಪು ಬಿಟ್ಟು ಹೋದ.

ತಿಂಡಿಗೆ ಕುಳಿತಾಗ ಇವರು ಫೋನನ್ನು ನನ್ನ ಮುಖಕ್ಕೆ ಹಿಡಿದರು.

"ನೋಡೇ, ಈ ಕಂಬದ ಮೇಲೆ ಹಳದಿ ನಂಬರು. ಅಂದ್ರೆ ದಕ್ಷಿಣ ವಿಭಾಗ. ಆ ನೀರಿನ ಟ್ಯಾಂಕಿಗೆ ತಗಡಿನ ತೇಪೆ ಹಾಕಿದ್ದಾರಲ್ಲ, ಅದನ್ನ ನಾನು ಪ್ರತಿ ತಿಂಗಳು ಪಕ್ಕದ ಬೀದಿಯಿಂದ ನೋಡ್ತೀನಿ. ನೆರಳು ಈ ಕಡೆ ಬಿದ್ದಿದೆ ಅಂದ್ರೆ..."

ಅವರು ಕಿಟಕಿಯ ಹೊರಗಿನದನ್ನೆಲ್ಲ ನೋಡಿದ್ದರು. ನಾನು ಕಿಟಕಿಯ ಗಾಜನ್ನು ನೋಡಿದೆ. ಮಸುಕಾಗಿ ಒಂದು ಪ್ರತಿಬಿಂಬ ಇತ್ತು. ಜಡೆ ಹಾಕಿಕೊಂಡ ಒಬ್ಬ ಹೆಂಗಸು, ಒಂದು ಕೈಯಲ್ಲಿ ಫೋನು, ಸೊಂಟಕ್ಕೆ ಒರಗಿ ನಿಂತ ಒಂದು ಮಗು.

"ರೀ, ನಿಮ್ಮ ಹೊಸಬ ಹೆಂಗಸಾ?"

"ಯಾಕೆ? ಗಂಡಸು. ದನಿ ಸಂದೇಶ ಕೂಡ ಕಳಿಸಿದ್ದ."

"ಹಾಗಾದ್ರೆ ಈ ಫೋಟೋ ತೆಗೆದಿದ್ದು ಅವನಲ್ಲ."

ಅವರು ಗಾಜನ್ನು ನೋಡಿದರು. ಆಮೇಲೆ ಹೊಸಬನ ಕೊನೆಯ ಸಾಲನ್ನು ಓದಿದರು. ಒಂದು ವರ್ಷದಲ್ಲಿ ಯಾರ ಕೈಲೂ ಆಗದ್ದು. ಬಾಯಲ್ಲಿದ್ದ ತುತ್ತು ಹಾಗೇ ಇತ್ತು, ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅಡಗಿಕೊಂಡ ಒಬ್ಬ ಹೆಂಗಸಿನ ಮನೆ ಬಾಗಿಲಿಗೆ ನನ್ನ ಗಂಡ ದಾರಿ ತೋರಿಸಿ ಕಳಿಸಿದ್ದರು, ಅದೂ ಖುಷಿಯಿಂದ.

ಪೊಲೀಸರಿಗೆ ಫೋನ್ ಮಾಡಿದೆವು. ಆ ಕಡೆಯ ದನಿ ಹೆಂಗಸಿನ ಹೆಸರು ಕೇಳಿತು, ಗೊತ್ತಿಲ್ಲ. ಗಂಡಸಿನ ಹೆಸರು, ಗೊತ್ತಿಲ್ಲ. ಏನಾಗಿದೆ? ಇನ್ನೂ ಏನೂ ಆಗಿಲ್ಲ. ಗಾಡಿ ಬಿಡುವಾದ ಕೂಡಲೇ ಕಳಿಸುತ್ತೇವೆ ಎಂದಿತು. ನಾವು ಸ್ಕೂಟರ್ ತೆಗೆದೆವು. ಅವನು ಮೂರು ಗಂಟೆ ದೂರದಲ್ಲಿದ್ದಾನೋ ಮೂರು ಬೀದಿ ದೂರದಲ್ಲಿದ್ದಾನೋ ತಿಳಿಯದು. ಪಕ್ಕದಲ್ಲಿ ಹೋದ ಪ್ರತಿಯೊಂದು ಕಾರಿನೊಳಗೂ ನಾನು ಇಣುಕಿದೆ. ರಜೆಯಾದ್ದರಿಂದ ರಸ್ತೆ ಖಾಲಿ, ಅಂಗಡಿಗಳ ಬಾಗಿಲು ಹಾಕಿತ್ತು. ಕೂಗಿದರೂ ಕೇಳುವವರಿಲ್ಲ ಎನ್ನುವುದೇ ತಲೆಯಲ್ಲಿ ಕೊರೆಯುತ್ತಿತ್ತು.

ಟೈರ್ ಅಂಗಡಿ ಮುಚ್ಚಿತ್ತು. ಹಿಂದಿನ ಕಟ್ಟಡದ ಮೆಟ್ಟಿಲುಗಳಿಗೆ ಕಿಟಕಿ ಇಲ್ಲ, ಹಗಲಲ್ಲೂ ಮಬ್ಬು. ಮೂರನೇ ಮಹಡಿ, ಎಡಗಡೆ ಮನೆ. ಗಂಟೆ ಒತ್ತಿದೆ. ಒಳಗೆ ಕೇಳುತ್ತಿದ್ದ ಮಗುವಿನ ಹಾಡು ತಟ್ಟನೆ ನಿಂತಿತು. ಬಾಗಿಲಿನ ಇಣುಕುಗಾಜು ಕಪ್ಪಾಯಿತು.

"ಅಮ್ಮಾ, ಹೆದರ್ಕೋಬೇಡಿ. ನಾವು ಗಂಡ ಹೆಂಡತಿ. ನಿಮಗೊಂದು ವಿಷಯ ಹೇಳಬೇಕು."

"ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಕಳಿಸಿಲ್ಲ."

"ಮತ್ತೆ ಈ ಮನೆ ಹೇಗೆ ಗೊತ್ತಾಯ್ತು?"

ನನ್ನ ಹಿಂದೆ ನಿಂತಿದ್ದ ಇವರು ಬಾಗಿಲಿಗೆ ಹೇಳಿದರು. "ನಾನೇ ಹುಡುಕಿದ್ದು. ನಿಮ್ಮ ಕಿಟಕಿ ಫೋಟೋ ನೋಡಿ. ಆಟ ಅನ್ಕೊಂಡೆ. ವಿಳಾಸ ಒಬ್ಬನಿಗೆ ಕೊಟ್ಟುಬಿಟ್ಟೆ. ಒಂದು ಗಂಟೆ ಆಯ್ತು."

ಸರಪಳಿ ಸರಿಯಿತು. ಬಾಗಿಲು ತೆರೆದವಳ ವಯಸ್ಸು ಮೂವತ್ತರ ಒಳಗೇ ಇರಬೇಕು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮಾಡಿದ್ದು ಒಂದೇ, ಮಗಳ ಕಡೆ ತಿರುಗಿ "ಶೂ" ಎಂದಳು. ಐದಾರು ವರ್ಷದ ಹುಡುಗಿ ಯಾಕೆ ಎಂದು ಕೇಳಲಿಲ್ಲ. ಬಾಗಿಲ ಹಿಂದೆ ಕುಳಿತು ಶೂ ಹಾಕಿಕೊಂಡಳು, ತಾನೇ ದಾರ ಕಟ್ಟಿಕೊಂಡಳು. ಆ ವಯಸ್ಸಿನ ಮಗು ಅಷ್ಟು ಸದ್ದಿಲ್ಲದೆ ಶೂ ಹಾಕಿಕೊಂಡದ್ದನ್ನು ನಾನು ಎಲ್ಲೂ ನೋಡಿಲ್ಲ. ಆ ಮೌನಕ್ಕೆ ನಾನು ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಲಿಲ್ಲ.

ಚೀಲ ಮೊದಲೇ ಕಟ್ಟಿಟ್ಟಿತ್ತು. ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತ ಅವಳು ಕೇಳಿದಳು. "ಆ ಫೋಟೋ ನಮ್ಮಕ್ಕನಿಗೆ ಮಾತ್ರ ಕಳಿಸಿದ್ದೆ. ರಜೆ ಅಲ್ವಾ, ನಾವು ಚೆನ್ನಾಗಿದೀವಿ ಅಂತ ತಿಳಿಲಿ ಅಂತ. ಅಕ್ಕನ ಫೋನ್ ನೋಡಿರ್ತಾನೆ, ಊರಿನ ಹೆಸರೂ ಅಲ್ಲೇ ಸಿಕ್ಕಿರುತ್ತೆ. ಫೋಟೋದಲ್ಲಿ ಏನಿತ್ತು ಹೇಳಿ. ಏನು ನೋಡಿ ಗೊತ್ತು ಮಾಡಿದ್ರಿ?"

ಇವರು ತಡವರಿಸುತ್ತ ಹೇಳಿದರು. ಕಂಬದ ನಂಬರಿನ ಬಣ್ಣ. ಟ್ಯಾಂಕಿನ ತೇಪೆ. ನೆರಳು. ಪಕ್ಕದ ತಾರಸಿಗಿಂತ ಎಷ್ಟು ಎತ್ತರದಿಂದ ತೆಗೆದದ್ದು ಎನ್ನುವ ಲೆಕ್ಕ. ಅವಳು ಒಂದೊಂದಕ್ಕೂ ತಲೆಯಾಡಿಸಿ ಕೇಳಿಸಿಕೊಂಡಳು, ಪರೀಕ್ಷೆಯ ಹಿಂದಿನ ದಿನ ಮಕ್ಕಳು ಕೇಳಿಸಿಕೊಳ್ಳುವ ಹಾಗೆ.

"ಸರಿ. ಇನ್ಮೇಲೆ ಕಿಟಕಿ ಫೋಟೋನೂ ಇಲ್ಲ" ಎಂದಳು.

ಸ್ಕೂಟರಿನಲ್ಲಿ ಬಿಡುತ್ತೇವೆ ಎಂದೆ. ಬೇಡ ಎಂದಳು. ನಮ್ಮ ಮನೆಗೆ ಬನ್ನಿ ಎಂದೆ. ನನ್ನನ್ನು ಒಂದು ಕ್ಷಣ ನೋಡಿದಳು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ.

"ನೀವು ಒಳ್ಳೆಯವರೇ ಇರಬಹುದು. ಇಬ್ಬರೂ ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ನಾವು ಯಾವ ಕಡೆ ಹೋದ್ವಿ ಅಂತ ನಿಮಗೆ ಗೊತ್ತಾಗಬಾರದು."

ನಿಂತೆವು. ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗೆ, ಐವತ್ತು ದಾಟಿದ ಇಬ್ಬರು, ಸುಣ್ಣ ಉದುರಿದ ಗೋಡೆಗೆ ಮೂಗು ಹಚ್ಚಿ. ಬೀಗ ಹಾಕಿದ ಸದ್ದು. ಎರಡು ಜೊತೆ ಕಾಲುಗಳು ಇಳಿಯುವ ಸದ್ದು. ಇವರ ತುಟಿ ಅಲ್ಲಾಡುತ್ತಿತ್ತು. "ಹಿಂದಿನ ಗೇಟು... ಅಲ್ಲಿಂದ ಬಲಕ್ಕೆ ಹೋದ್ರೆ..." ಎಂದು ಗೊಣಗಿದರು. ಬೇಕೆಂದು ಮಾಡಿದ್ದಲ್ಲ, ಆ ತಲೆ ಓಡುವುದೇ ಹಾಗೆ. ನಾನು ಎರಡೂ ಅಂಗೈಗಳಿಂದ ಅವರ ಕಿವಿ ಮುಚ್ಚಿ ಗಟ್ಟಿಯಾಗಿ ಒತ್ತಿ ಹಿಡಿದೆ.

ಕೈ ತೆಗೆದಾಗ ಕಟ್ಟಡ ನಿಶ್ಶಬ್ದವಾಗಿತ್ತು. ಹೊರಡೋಣ ಎನ್ನುವಷ್ಟರಲ್ಲಿ ಕೆಳಗಿನಿಂದ ಯಾರೋ ಹತ್ತಿ ಬರುವ ಸದ್ದು ಕೇಳಿತು. ಒಂದೇ ಜೊತೆ ಕಾಲು, ಅವಸರವಿಲ್ಲದ ಹೆಜ್ಜೆ. ಕೆಳಗಿಳಿಯಲು ಇದ್ದದ್ದು ಅದೊಂದೇ ದಾರಿ. ಇವರು ಜೇಬಿನಿಂದ ಕಚೇರಿಯ ಗುರುತಿನ ಚೀಟಿ ತೆಗೆದು ಕೊರಳಿಗೆ ಹಾಕಿಕೊಂಡು, ಬಾಗಿಲ ಪಕ್ಕದ ಮೀಟರ್ ಪೆಟ್ಟಿಗೆ ತೆರೆದು ಬಗ್ಗಿದರು. ನನ್ನ ಕೈಗೆ ಒಂದು ಚೀಟಿ, ಪೆನ್ನು ಕೊಟ್ಟರು.

ಬಂದವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೈಯಲ್ಲಿ ಮಕ್ಕಳ ಆಟಿಕೆಯ ಒಂದು ಪೆಟ್ಟಿಗೆ, ಬಣ್ಣದ ಕಾಗದ ಸುತ್ತಿದ್ದು. ಬೀಗ ನೋಡಿದ, ನಮ್ಮನ್ನು ನೋಡಿದ.

"ರಜೇಲೂ ಕೆಲಸಾನಾ?"

"ಬಾಕಿ ಉಳಿದಿತ್ತು" ಎಂದೆ.

"ಈ ಮನೆಯವರು?"

"ಬೀಗ ಇದೆ. ನಾವು ನೋಡಿಲ್ಲ."

ಅವನು ಮೆಟ್ಟಿಲಿನ ಮೇಲೆ ಕುಳಿತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ. "ಪರವಾಗಿಲ್ಲ, ಕಾಯ್ತೀನಿ. ನನ್ನ ಹೆಂಡತಿ, ಮಗಳು. ಸ್ವಲ್ಪ ಮುನಿಸು. ಮತ್ತೆ ಎಲ್ಲಿಗೆ ಹೋದ್ರೂ ಚಿಂತೆ ಇಲ್ಲ ಬಿಡಿ. ಈ ಊರಲ್ಲಿ ಒಬ್ಬ ಮೇಜರ್ ಇದ್ದಾನೆ, ಮುಖ ನೋಡಿಲ್ಲ ನಾನು. ಒಂದೇ ಒಂದು ಫೋಟೋ ಕೊಟ್ರೆ ಸಾಕು, ನಾಲ್ಕು ಗಂಟೇಲಿ ಮನೆ ಬಾಗಿಲು ತೋರಿಸ್ತಾನೆ. ದೇವರಂಥ ಮನುಷ್ಯ."

ಇವರು ಅವನಿಗೆ ಬೆನ್ನು ಹಾಕಿಯೇ ನಿಂತಿದ್ದರು. ತಾವು ದನಿ ಸಂದೇಶ ಕಳಿಸಿದ್ದುಂಟೋ ಇಲ್ಲವೋ ನೆನಪಾಗದೆ, ಮಾತಾಡಿದರೆ ಗುರುತು ಸಿಗುತ್ತದೋ ಏನೋ ಎಂದು ಹೆದರಿ ಬಾಯಿ ಬಿಡಲಿಲ್ಲ ಎಂದು ಆಮೇಲೆ ಹೇಳಿದರು. ಮೀಟರ್ ಪೆಟ್ಟಿಗೆಯ ಮುಚ್ಚಳ ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ ತಗಡು ಟಕಟಕ ಸದ್ದು ಮಾಡುತ್ತಿತ್ತು. ನಾನು ಕೆಮ್ಮಿ ಆ ಸದ್ದು ಮುಚ್ಚಿದೆ. ಅವರು ಮುಚ್ಚಳ ಹಾಕಿ, ತಲೆ ತಗ್ಗಿಸಿ, ಅವನ ಮೊಣಕಾಲಿನ ಪಕ್ಕದಿಂದ ಇಳಿದರು. ನಾನು ಹಿಂದೆ ಇಳಿದೆ. "ಹುಷಾರು, ಕತ್ತಲೆ ಇದೆ" ಎಂದು ಅವನು ಮೊಬೈಲಿನ ಬೆಳಕು ಹಿಡಿದ.

ಬೀದಿಯ ತಿರುವಿನಿಂದ ಪೊಲೀಸರಿಗೆ ಮತ್ತೆ ಫೋನ್ ಮಾಡಿದೆವು. ಗಾಡಿ ಬರಲು ಮುಕ್ಕಾಲು ಗಂಟೆಯಾಯಿತು. ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಬಣ್ಣದ ಕಾಗದದ ಪೆಟ್ಟಿಗೆ ಮಾತ್ರ ಉಳಿದಿತ್ತು.

ಅಂದು ಸಂಜೆ ಇವರು ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದರು. ಆಟ ನಿಲ್ಲಿಸಿ ಎಂದು ಕೈಮುಗಿದು ಬರೆದರು. ಇಪ್ಪತ್ತೆರಡು ಜನ ಚಪ್ಪಾಳೆಯ ಚಿತ್ರ ಹಾಕಿದರು. "ಭಲೇ ಮೇಜರ್, ಮೈ ಜುಂ ಅಂತು, ಮುಂದಿನ ಅಧ್ಯಾಯ ಯಾವಾಗ?" ಎಂದು ಜನರಲ್ ಕೇಳಿದ. ಇವರನ್ನು ಅವತ್ತೇ ಕರ್ನಲ್ ಮಾಡಿದರು. ನಾನು ಆ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ ಮೇಲೆಯೇ ಆಟ ನಿಂತದ್ದು. ನಿಂತಿದೆ ಎಂದು ಅವರು ಹೇಳುತ್ತಾರೆ. ಬೇರೆ ಗುಂಪುಗಳು ಎಷ್ಟಿವೆಯೋ ಯಾರು ಬಲ್ಲರು.

ಇವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ, ಕೆಳಗಿಳಿದಾಗ ನನ್ನಿಂದ ತಿರುಗಿ ತೆಗೆದುಕೊಂಡಿದ್ದ ಆ ಚೀಟಿಯನ್ನು ಜೇಬಿನಿಂದ ತೆಗೆದರು. ನಾನು ಬರೆದುಕೊಂಡವಳ ಹಾಗೆ ನಟಿಸಿದ್ದೆ ಅಷ್ಟೆ. ಅಂಕಿ ಇವರ ಕೈಬರಹದಲ್ಲಿತ್ತು, ಬೀದಿಗೆ ಬಂದ ಕೂಡಲೇ ಬರೆದುಕೊಂಡಿರಬೇಕು.

"ತೊಂಬತ್ತಾರು" ಎಂದರು.

"ಏನು ತೊಂಬತ್ತಾರು?"

"ಅವಳ ಮೀಟರು. ಹೊಸದು, ಹನ್ನೊಂದು ತಿಂಗಳ ಹಿಂದೆ ಕೂರಿಸಿದ್ದು, ಪೆಟ್ಟಿಗೆ ಮೇಲೆ ತಾರೀಕಿದೆ. ಹನ್ನೊಂದು ತಿಂಗಳಲ್ಲಿ ತೊಂಬತ್ತಾರು ಯೂನಿಟ್. ನಮ್ಮ ಮನೇಲಿ ಒಂದು ತಿಂಗಳಿಗೆ ಅಷ್ಟಾಗುತ್ತೆ."

ನನಗೆ ಅರ್ಥವಾಗಲಿಲ್ಲ. ಇವರು ಮುಖ ಒರೆಸಿಕೊಂಡರು.

"ದೀಪ ಹಾಕಿಲ್ಲ ಕಣೇ. ಕಿಟಕಿ ಹೊರಗಿಂದ ಬೆಳಕು ಕಾಣುತ್ತೆ ಅಂತ, ಮಗೂನ ಇಟ್ಕೊಂಡು ವರ್ಷವಿಡೀ ದೀಪ ಹಾಕಿಲ್ಲ. ಒಂದು ದಿನ ಪರದೆ ತೆಗೆದಿದ್ದಾಳೆ. ಅವತ್ತಿನ ಫೋಟೋನೇ ನಾನು ನೋಡಿದ್ದು."