ಗೇಟಿನ ಮುಂದೆ ಒಡೆದ ಕುಂಬಳಕಾಯಿ

ಮಾಟವೂ ಇಲ್ಲ, ಮಣ್ಣೂ ಇಲ್ಲ. ಆಯುಧಪೂಜೆಯ ದಿನ ಅಳಿಯನ ಹೊಸ ಕಾರಿಗೆ ದೃಷ್ಟಿ ತೆಗೆದು, ಕುಂಕುಮ ತುಂಬಿದ ಕುಂಬಳಕಾಯಿಯನ್ನು ಗೇಟಿನ ಮುಂದೆ ಒಡೆದವಳು ನಾನು. ಆದದ್ದು ಇಷ್ಟೇ. ಊರಲ್ಲಾಗಿದ್ದರೆ ಬೈಕಿನವನು ಯಾರೋ ಜಾರಿ ಬಿದ್ದು ಬೈದುಕೊಂಡು ಹೋಗುತ್ತಿದ್ದ. ಮಗಳು ಅಳಿಯ ಇರುವ ಈ ಪರದೇಶದಲ್ಲಿ, ಕಿಲಿಮಾನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದಕ್ಕಾಗಿ ಒಬ್ಬ ಹೆಂಗಸನ್ನು ಪೊಲೀಸರಿಗೆ ಹಿಡಿದುಕೊಡಲು ಹೊರಟರು.

ಆ ವರ್ಷ ಕಮಿಟಿಗೆ ಹೊಸ ಚೇರ್ಮನ್ ಬಂದಿದ್ದ. ಭಾನುವಾರ ಎಲ್ಲೋ ಚರ್ಚಿನಲ್ಲಿ ಪ್ರಸಂಗ ಮಾಡುವವನು. ಬಂದವನೇ ಒಂದು ರೂಲ್ ಹಾಕಿದ: ಕಾಂಪೌಂಡಿನಲ್ಲಿ ಕೆಲಸ ಮಾಡುವವರೆಲ್ಲ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಮಂಡಿಯೂರಿ ಯೇಸುವಿಗೆ ಪ್ರಾರ್ಥನೆ ಮಾಡಬೇಕು. ನಮ್ಮ ಮನೆಯ ಆಯಾ ಮೊಂಬಾಸಾ ಕಡೆಯ ಮುಸಲ್ಮಾನ ಹೆಂಗಸು. ಬಂದು ನಿಲ್ಲುತ್ತಿದ್ದಳು, ಮಂಡಿಯೂರುತ್ತಿರಲಿಲ್ಲ. ಹಾಗಾಗಿ ನೆಲದ ಮೇಲೆ ಕೆಂಪು ಕಂಡು ಮಾಟವೆಂದುಕೊಂಡ ಕೂಡಲೇ ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

ಗಲಾಟೆ ಕೇಳಿ ಬಾಲ್ಕನಿಗೆ ಬಂದೆ. ಜನ ಅವಳನ್ನು ಸುತ್ತುಗಟ್ಟಿದ್ದರು. ಮಾಟ ಮಾಡುವುದು ಈ ದೇಶದ ಕಾನೂನಿಗೆ ವಿರುದ್ಧ, ಪೊಲೀಸರನ್ನು ಕರೆಸುತ್ತೇನೆ ಎಂದು ಚೇರ್ಮನ್ ಕೂಗುತ್ತಿದ್ದಾನೆಂದು ಮಗಳು ಹೇಳಿದಳು. ನಾನು ಚಪ್ಪಲಿ ಹುಡುಕಿದೆ.

"ಅಮ್ಮಾ, ಸುಮ್ನೆ ಕೂತ್ಕೋ. ಇವ್ರ ವರ್ಕ್ ಪರ್ಮಿಟ್ ರಿನ್ಯೂವಲ್ ಇದೆ."

"ಒಡ್ದಿದ್ದು ನಾನು ಕಣೇ."

"ನಿಂಗೆ ಏನ್ ಭಾಷೆ ಬರತ್ತೆ ಅಂತ ಹೋಗ್ತೀಯ?"

"ಕುಂಕುಮದ ಭರಣಿ ಕೊಡು. ತೋರಿಸ್ತೀನಿ."

ಭರಣಿ ಹಿಡಿದು ಬೇಗ ಬೇಗ ಮೆಟ್ಟಿಲು ಇಳಿದೆ. ಅಷ್ಟರಲ್ಲಿ ಅವಳನ್ನು ಹೊಡೆದುಬಿಟ್ಟರೆ? ನನ್ನನ್ನೇ ಎಳೆದುಕೊಂಡು ಹೋದರೆ? ಗೇಟಿನ ಹತ್ತಿರ ಹೋಗಿ ಕುಂಬಳಕಾಯಿ ತೋರಿಸಿ, ಭರಣಿ ತೋರಿಸಿ, ನನ್ನ ಹಣೆ ತೋರಿಸಿ, "ಮಿಮಿ, ಮಿಮಿ" ಎಂದೆ. ನಾನು ಅನ್ನುವುದಕ್ಕೆ ಅವರ ಭಾಷೆಯಲ್ಲಿ ಅದೊಂದು ಮಾತು ಬರುತ್ತಿತ್ತು. ಯಾರೋ ನಕ್ಕರು. ಚೇರ್ಮನ್ ನಗಲಿಲ್ಲ. ಹಿಂದೆಯೇ ಓಡಿಬಂದ ಮಗಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಹೋದ. ಆಯಾ ನನ್ನ ಸೆರಗು ಹಿಡಿದವಳು ಬಿಟ್ಟಿರಲಿಲ್ಲ.

"ನಾಳೆ ನೀವಿಬ್ರೂ ಎಲ್ಲರ ಮುಂದೆ ಮಂಡಿಯೂರಿ ತಪ್ಪಾಯ್ತು ಅನ್ಬೇಕಂತೆ. ಇಲ್ಲಾಂದ್ರೆ ಅವ್ಳನ್ನ ಒಳಗೆ ಬಿಡಲ್ವಂತೆ, ಪೊಲೀಸ್‌ಗೂ ಹೇಳ್ತಾರಂತೆ. ಒಂದ್ಸಲ ಮಂಡಿ ಊರಿದ್ರೆ ಏನಮ್ಮಾ ಹೋಗತ್ತೆ?"

"ನಂದೇನೂ ಹೋಗಲ್ಲ, ಮಂಡಿ ನೋಯತ್ತೆ ಅಷ್ಟೆ. ಅವಳ್ದು ಹೋಗತ್ತೆ."

ಯೇಸುವಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೊದಲ ಹೆರಿಗೆ ಮಾಡಿಸಿದ್ದು ಚರ್ಚಿನ ಆಸ್ಪತ್ರೆಯ ಸಿಸ್ಟರು. ನನ್ನ ಹಣೆಯ ಕುಂಕುಮ ಅಳಿಸು ಎಂದು ಆಕೆ ಹೇಳಲಿಲ್ಲ. ಇವನು ಪ್ರಾರ್ಥನೆಗೆ ಪೊಲೀಸರನ್ನು ಕಾವಲು ನಿಲ್ಲಿಸುತ್ತಾನೆ. ಹಾಗೆ ಮಂಡಿಯೂರುವವರು ಲಾಠಿಗೆ ಹೆದರಿ ಊರುತ್ತಾರೆ. ಆ ರಾತ್ರಿ ಲಿಫ್ಟಿನ ಸದ್ದಾದಾಗಲೆಲ್ಲ ಪೊಲೀಸರೇ ಬಂದರೆಂದು ಎದ್ದು ಬಾಗಿಲಿಗೆ ಕಿವಿಯಿಟ್ಟೆ.

ಬೆಳಿಗ್ಗೆ ಮಗಳು ಏಳುವ ಮೊದಲೇ ಇಳಿದು ಗೇಟಿನ ಹೊರಗೆ ನಿಂತೆ. ಆಯಾ ಮಟಾಟು ವ್ಯಾನ್ ಇಳಿದು ನಡೆದು ಬರುವಷ್ಟರಲ್ಲಿ ಒಳಗೆ ಪ್ರಾರ್ಥನೆ ಶುರುವಾಗಿತ್ತು. ಎಲ್ಲರೂ ಕಣ್ಣು ಮುಚ್ಚಿ ಮಂಡಿಯೂರಿದ್ದರು, ವಾಚ್‌ಮನ್ ಕೂಡ. ಕಂಬಿಗಳ ನಡುವೆ ಕೈ ತೂರಿಸಿ ನಾನೇ ಚಿಲಕ ತೆಗೆದೆ. ಚಿಲಕ ಕಿರುಗುಟ್ಟಿತು. ಚೇರ್ಮನ್ ಕಣ್ಣು ಬಿಟ್ಟ. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, ಮಂಡಿಯೂರಿದವರ ನಡುವಿನಿಂದಲೇ ನಡೆಸಿಕೊಂಡು ಮನೆಗೆ ಕರೆತಂದೆ.